ಜಾತ್ರೆಯೋ, ಹರಾಜೋ: ಹಳೆಯ ಕೈಸಲಕರಣೆಗಳನ್ನು ಕೊಂಡು ಮಾರುವವರಿಗೆ

ಹಳೆಯ ಕೈಸಲಕರಣೆಗಳ ವ್ಯಾಪಾರಕ್ಕೆ ಇಳಿಯಲು ಬಯಸುವವರು ನನ್ನನ್ನು ಮೊದಲು ಕೇಳುವುದು, ಸಂತೆ–ಜಾತ್ರೆಗಳಲ್ಲಿ ಕೊಳ್ಳುವುದು ಲಾಭವೋ, ಹರಾಜಿನಲ್ಲಿ ಕೊಳ್ಳುವುದು ಲಾಭವೋ ಎಂಬುದನ್ನೇ. ಕೊಪ್ಪಳದಲ್ಲಿ ನೆಲೆಸಿ, ರಾಯಚೂರು ಮತ್ತು ಬಳ್ಳಾರಿಗಳಿಗೆ ಹಲವು ವರ್ಷ ಓಡಾಡಿ, ಕೀಸುಳಿ (ಮರವನ್ನು ಹೆರೆದು ನಯಮಾಡುವ, ನಮ್ಮ ಬಡಿಗೇರರು ರಂದಾ ಎನ್ನುವ ಸಲಕರಣೆ), ಉಳಿ, ಗರಗಸ, ಮತ್ತು ಕಮ್ಮಾರರು ಕಾಯಿಸಿದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲುಗಳನ್ನು ಕೊಂಡು ಮಾರಿದ ಮೇಲೆ ನಾನು ಕಂಡುಕೊಂಡಿರುವುದಿಷ್ಟು: ವಸ್ತು ಕೊನೆಗೆ ಯಾರ ಕೈ ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರಿಗೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದನ್ನು ಗೊತ್ತುಮಾಡಿಕೊಳ್ಳದೆ ಅಗ್ಗವಾಗಿ ಕೊಂಡವರ ಮನೆಯ ಪಡಸಾಲೆ ತುಕ್ಕುಹಿಡಿದ ಕಬ್ಬಿಣದಿಂದ ತುಂಬುತ್ತದೆ.

ಕೊಳ್ಳುವವರು ಮೂರು ಬಗೆಯವರು. ಮೊದಲನೆಯವರು ಅದೇ ಸಲಕರಣೆಯಿಂದ ದಿನದ ಕೂಲಿ ದುಡಿಯುವ ಬಡಿಗೇರರು, ಕಮ್ಮಾರರು ಮತ್ತು ಪತ್ತಾರರು. ಅವರಿಗೆ ಅಲಗಿನ ಗಟ್ಟಿತನವೇ ಮುಖ್ಯವಾದ್ದರಿಂದ, ಎಷ್ಟೇ ಹಳೆಯದಾದರೂ ಹೊಸದರ ಬೆಲೆಗಿಂತ ಬಹಳ ಹೆಚ್ಚು ಕೊಡುವುದಿಲ್ಲ. ಎರಡನೆಯವರು ಸಂಗ್ರಾಹಕರು. ತಯಾರಕರ ಮುದ್ರೆ ಓದುವಂತಿರಬೇಕು, ಯಾವ ಭಾಗವೂ ಬದಲಾಗಿರಬಾರದು, ಮೇಲ್ಮೈಯನ್ನು ಯಾರೂ ಉಜ್ಜಿ ಹೊಳಪಿಸಿರಬಾರದು ಎಂದು ಅವರು ನಿರೀಕ್ಷಿಸುತ್ತಾರೆ. ಮೂರನೆಯವರು ಆನೆಗೊಂದಿ–ಹಂಪಿ ಕಡೆಯ ವಸತಿಗೃಹಗಳಿಗೂ ಬೆಂಗಳೂರಿನ ಮನೆಗಳಿಗೂ ಅಲಂಕಾರಕ್ಕಾಗಿ ಕೊಳ್ಳುವವರು. ಕೂರಿಗೆಯ ಬಟ್ಟಲು, ಇಬ್ಬರು ಎಳೆಯುವ ದೊಡ್ಡ ಗರಗಸ, ತಿದಿ, ಹಿತ್ತಾಳೆಯ ಸೇರು–ಪಾವುಗಳು ಅವರಿಗೆ ಪ್ರಿಯವಾದವು, ಮತ್ತು ಕೆಲಸಕ್ಕೆ ಬಾರದ ವಸ್ತುವಿಗೂ ಅವರು ಒಳ್ಳೆಯ ಬೆಲೆ ಕೊಡುತ್ತಾರೆ. ಹಿಡಿ ಒಡೆದ, ಆದರೆ ಅಲಗು ಚೆನ್ನಾಗಿರುವ ಒಂದು ಉಳಿ ಬಡಿಗೇರರಿಗೆ ಬಂಗಾರ, ಸಂಗ್ರಾಹಕರಿಗೆ ಅರೆಬರೆ, ಅಲಂಕಾರದವರಿಗೆ ಲೆಕ್ಕಕ್ಕೇ ಇಲ್ಲ.

ನಮ್ಮ ಸೀಮೆಯಲ್ಲಿ ಇಂಥ ವಸ್ತುಗಳು ಸಿಗುವುದಕ್ಕೆ ಇಲ್ಲಿನ ಚರಿತ್ರೆಯೇ ಕಾರಣ. ಬಳ್ಳಾರಿ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ರಾಯಚೂರು ಮತ್ತು ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಮುಂಬಯಿಯಿಂದ ಬಂದ ರೈಲುಮಾರ್ಗವೂ ಮದರಾಸಿನಿಂದ ಬಂದ ರೈಲುಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಹೀಗಾಗಿ ಒಂದೇ ಗುಜರಿ ಅಂಗಡಿಯ ರಾಶಿಯಲ್ಲಿ ಎಂ. ಅಂಡ್ ಎಸ್.ಎಂ. ರೈಲ್ವೆಯ ಮುದ್ರೆಯುಳ್ಳ ಸುತ್ತಿಗೆಯೂ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಅಕ್ಷರಗಳುಳ್ಳ ಸ್ಪ್ಯಾನರೂ ಜೊತೆಯಾಗಿ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ರೂಪುಗೊಂಡು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತಾದ್ದರಿಂದ, ಆ ಮುದ್ರೆಯೊಂದೇ ವಸ್ತುವಿನ ಕಾಲವನ್ನು ಸುಮಾರು ನಾಲ್ಕು ದಶಕಗಳೊಳಗೆ ಕಟ್ಟಿಹಾಕುತ್ತದೆ. 1945ರಿಂದ 1953ರವರೆಗೆ ನಡೆದ ತುಂಗಭದ್ರಾ ಅಣೆಕಟ್ಟಿನ ಕೆಲಸವೂ ಮುನಿರಾಬಾದ್ ಮತ್ತು ಹೊಸಪೇಟೆಗಳಿಗೆ ವರ್ಕ್‌ಶಾಪ್ ಸಲಕರಣೆಗಳನ್ನು ತಂದಿತು. ಇಂಥ ಮುದ್ರೆಗಳನ್ನು ಅಳಿಸಿ, ಬಣ್ಣ ಬಳಿದು ಮಾರುವವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಸಂತೆ, ಜಾತ್ರೆ, ಗುಜರಿ

ಹೊಸಬರಿಗೆ ನಾನು ಮೊದಲು ತೋರಿಸುವ ದಾರಿ ಇದೇ. ವಾರದ ಸಂತೆಗಳ ಅಂಚಿನಲ್ಲಿ ಗೋಣಿತಾಟು ಹಾಸಿ ಹಳೆಯ ಕಬ್ಬಿಣ ಮಾರುವವರು ಇರುತ್ತಾರೆ. ಜನವರಿಯಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂಥ ದೊಡ್ಡ ಜಾತ್ರೆಗಳಲ್ಲಿ ಹೊಸ ಕೃಷಿ ಉಪಕರಣಗಳದ್ದೇ ಮೇಲುಗೈಯಾದರೂ, ಅಲ್ಲಿಗೆ ಬರುವ ಕಮ್ಮಾರರೊಂದಿಗೆ ಮಾತಿಗೆ ಕುಳಿತರೆ ಯಾವ ಊರಿನ ಯಾವ ಕುಲುಮೆ ಮುಚ್ಚಿದೆ ಎಂಬ ಸುದ್ದಿ ತಿಳಿಯುತ್ತದೆ, ಮತ್ತು ಆ ಸುದ್ದಿಯ ಬೆಲೆ ಕೆಲವೊಮ್ಮೆ ಅಂದು ಕೊಂಡ ವಸ್ತುವಿಗಿಂತ ಹೆಚ್ಚು.

ಸಂತೆಯ ದೊಡ್ಡ ಅನುಕೂಲವೆಂದರೆ ವಸ್ತುವನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಬೆಳಕಿಗೆ ಒಡ್ಡಿ ನೋಡಬಹುದು. ಒಂದೇ ಒಂದನ್ನು ಆರಿಸಿ ಕೊಳ್ಳಬಹುದು. ನೋಡುವುದು ಹೇಗೆಂದು ಕಲಿಯದಿದ್ದರೆ ಈ ಅನುಕೂಲ ವ್ಯರ್ಥವಾಗುತ್ತದೆ. ನಾನು ಕೊಂಡ ಮೊದಲ ಎರಕದ ಕೀಸುಳಿ ನೋಡಲು ಅಚ್ಚುಕಟ್ಟಾಗಿತ್ತು. ಮನೆಗೆ ತಂದು ಎಣ್ಣೆ ಹಚ್ಚಿ ಒರೆಸಿದಾಗ, ಅಲಗು ಹೊರಬರುವ ಬಾಯಿಯ ಮೂಲೆಯಿಂದ ಪಕ್ಕದ ಗೋಡೆಯವರೆಗೆ ಕೂದಲೆಳೆಯಂಥ ಬಿರುಕು ಎದ್ದುಕಂಡಿತು. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ. ಕೈತಪ್ಪಿ ಗಚ್ಚಿನ ನೆಲಕ್ಕೆ ಬಿದ್ದ ಕೀಸುಳಿ ಬಿರಿಯುವುದು ಹೆಚ್ಚಾಗಿ ಆ ಜಾಗದಲ್ಲೇ. ಅಂದಿನಿಂದ ನಾನು ಅಲಗು, ಅದರ ಮೇಲೆ ಕೂರುವ ಚಿಪ್ ಬ್ರೇಕರ್ ಎಂಬ ಪಟ್ಟಿ, ಇವೆರಡನ್ನೂ ಅದುಮಿ ಹಿಡಿಯುವ ಲಿವರ್ ಕ್ಯಾಪ್‌ಗಳನ್ನು ಬಿಚ್ಚಿಸದೆ, ಬಾಯಿಯ ನಾಲ್ಕೂ ಮೂಲೆಗಳ ಮೇಲೆ ಉಗುರು ಎಳೆಯದೆ ಯಾವ ಕೀಸುಳಿಯನ್ನೂ ಕೊಂಡಿಲ್ಲ. ಬರಿದಾದ ಒಡಲನ್ನು ಬೆರಳತುದಿಯಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ತಟ್ಟಿದರೆ ಗಟ್ಟಿಯಾದದ್ದು ಗಂಟೆಯಂತೆ ದನಿಗೊಡುತ್ತದೆ, ಬಿರಿದದ್ದು ಒಡಕು ಮಡಕೆಯಂತೆ ಸದ್ದು ಮಾಡುತ್ತದೆ.

ತುಕ್ಕನ್ನು ಕಂಡು ಹೆದರಬೇಕಾಗಿಲ್ಲ. ಅದು ಎಲ್ಲಿದೆ ಎಂಬುದನ್ನು ನೋಡಬೇಕು. ನಮ್ಮ ಒಣಹವೆಯ ಜಿಲ್ಲೆಗಳ ತುಕ್ಕು ಕರಾವಳಿಯ ತುಕ್ಕಿನಷ್ಟು ಆಳಕ್ಕೆ ಕೊರೆಯುವುದಿಲ್ಲ. ಆದರೆ ಉಳಿಯ ಅಥವಾ ಕೀಸುಳಿಯ ಅಲಗಿನ ಚಪ್ಪಟೆ ಬೆನ್ನಿನಲ್ಲಿ, ಹರಿತದ ಅಂಚಿನ ಹತ್ತಿರ, ಸಿಡುಬಿನ ಕಲೆಗಳಂಥ ಗುಳಿಗಳಿದ್ದರೆ ಎಷ್ಟು ಮಸೆದರೂ ಹರಿತ ನಿಲ್ಲದು. ಗರಗಸವನ್ನಾದರೆ ಹಲ್ಲಿನ ಸಾಲಿಗೆ ಕಣ್ಣಿಟ್ಟು, ಹಿಡಿಯಿಂದ ತುದಿಯವರೆಗೆ ನೇರವಾಗಿದೆಯೇ ಎಂದು ನೋಡಬೇಕು. ಬಿಲ್ಲಿನಂತೆ ಸಮನಾಗಿ ಬಾಗಿದ್ದರೆ ಸರಿಪಡಿಸಬಹುದು. ಒಂದೇ ಕಡೆ ಮಡಚಿದ ಗುರುತಿದ್ದರೆ ಅದನ್ನು ಅಲಂಕಾರದವರಿಗೆಂದು ಮಾತ್ರ ಕೊಳ್ಳಬೇಕು. ಬೇಸಿಗೆಯಲ್ಲಿ ರಾಯಚೂರಿನ ತಾಪ 40 ಡಿಗ್ರಿ ದಾಟುವುದರಿಂದ ಮರದ ಹಿಡಿಗಳು ಒಣಗಿ ಸಡಿಲವಾಗಿರುತ್ತವೆ. ಅದು ದೋಷವಲ್ಲ, ಬೆಲೆ ಇಳಿಸಲು ನೆಪವಷ್ಟೇ.

ಸಂತೆಯಲ್ಲಿ ಬಹುಪಾಲು ವಸ್ತುಗಳ ಬೆಲೆ ಗುಜರಿಯ ತೂಕದ ದರದಿಂದಲೇ ಶುರುವಾಗುತ್ತದೆ. ಆ ದರಕ್ಕೆ ಸಿಕ್ಕ ಒಳ್ಳೆಯ ವಸ್ತುವಿಗೆ ಎರಡು ಪಟ್ಟು ಕೊಟ್ಟರೂ ನಷ್ಟವಿಲ್ಲ, ಮುಂದಿನ ವಾರ ಮಾರುವವನು ಒಳ್ಳೆಯ ವಸ್ತುವನ್ನು ನಿಮಗಾಗಿ ತೆಗೆದಿಡುತ್ತಾನೆ. ಇದರ ಕೊರತೆಯೆಂದರೆ ಸಮಯ. ಐದು ಸಂತೆ ತಿರುಗಿದರೆ ಒಂದು ಒಳ್ಳೆಯ ವಸ್ತು ಸಿಗಬಹುದು, ಸಿಗದೆಯೂ ಹೋಗಬಹುದು.

ಕಸುಬು ಬಿಟ್ಟ ಮನೆಗಳು

ನಾಡಿನ ಸಲಕರಣೆಗಳಿಗೆ, ಅಂದರೆ ಬಾಚಿ, ಬೈರಿಗೆ, ಕೊಡತಿ, ಅಕ್ಕಸಾಲಿಗರು ತಂತಿ ಎಳೆಯುವ ಕಂಬಚ್ಚು, ಸಣ್ಣ ತಕ್ಕಡಿ ಮುಂತಾದವುಗಳಿಗೆ, ಸಂತೆಯಾಗಲಿ ಹರಾಜಾಗಲಿ ಸರಿಯಾದ ಜಾಗವಲ್ಲ. ಅವುಗಳ ಮೇಲೆ ಮುದ್ರೆಯಿಲ್ಲ, ವರ್ಷವಿಲ್ಲ. ಯಾರ ಮನೆಯದು, ಯಾವ ಕೆಲಸಕ್ಕೆ ಬಳಸಿದರು, ಯಾವ ಮರದ ಹಿಡಿ ಎಂಬ ಮಾತೇ ಅವುಗಳ ಗುರುತು, ಮತ್ತು ಆ ಮಾತು ಮನೆಯ ಹಿರಿಯರ ಬಾಯಿಂದ ಮಾತ್ರ ಸಿಗುತ್ತದೆ. ನಾನು ಕೊಳ್ಳುವಾಗಲೇ ಒಂದು ಪುಸ್ತಕದಲ್ಲಿ ಊರು, ಕಸುಬು, ಬಳಕೆ ಇವಿಷ್ಟನ್ನು ಬರೆದುಕೊಳ್ಳುತ್ತೇನೆ. ಆ ಬರಹವುಳ್ಳ ಬಾಚಿಗೂ ಇಲ್ಲದ ಬಾಚಿಗೂ ಸಂಗ್ರಾಹಕರು ಕೊಡುವ ಬೆಲೆಯಲ್ಲಿ ಬಹಳ ಅಂತರವಿದೆ.

ಇಲ್ಲಿ ನಡತೆಯ ಪ್ರಶ್ನೆಯೂ ಇದೆ. ಆಯುಧಪೂಜೆಯ ದಿನ ಅರಿಶಿನ–ಕುಂಕುಮ ಹಚ್ಚಿಸಿಕೊಂಡ ವಸ್ತುವನ್ನು ಮನೆಯವರು ಹಳೆಯ ಕಬ್ಬಿಣವೆಂದು ನೋಡುವುದಿಲ್ಲ. ಮಹಾನವಮಿಯ ಹಿಂದುಮುಂದಿನ ದಿನಗಳಲ್ಲಿ ಕೊಳ್ಳುವ ಮಾತೆತ್ತಬಾರದು. ಮನೆಯ ಮಗನೊಬ್ಬ ಇನ್ನೂ ಕಸುಬಿನಲ್ಲಿದ್ದರೆ ಅವನಿಗೆ ಬೇಕಾದದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೇಳಬೇಕು. ಮುಂದೆ ಎಷ್ಟಕ್ಕೆ ಮಾರಬಹುದೆಂದು ನಿಮಗೆ ಗೊತ್ತಿದ್ದರೆ ಅದಕ್ಕೆ ತಕ್ಕ ಪಾಲನ್ನು ಮೊದಲೇ ಕೊಡಬೇಕು. ಲಾಭದ ಪ್ರಮಾಣ ಇಲ್ಲಿ ಸಂತೆಗಿಂತ ಕಡಿಮೆ, ಆದರೆ ವಸ್ತುವಿನ ಗುಣ ಎಲ್ಲಕ್ಕಿಂತ ಮೇಲು.

ಹರಾಜು

ನಮ್ಮ ಜನರಿಗೆ ಹರಾಜೆಂದರೆ ದೇವಸ್ಥಾನದಲ್ಲಿ ಸವಾಲ್ ಕೂಗುವ ನೆನಪು. ಸಲಕರಣೆಗಳ ಹರಾಜು ಈಗ ಹೆಚ್ಚಾಗಿ ಗಣಕಯಂತ್ರದ ಮುಂದೆ ನಡೆಯುತ್ತದೆ. ಸರ್ಕಾರಿ ಸಂಸ್ಥೆಗಳು ಬಳಸಿ ಬಿಟ್ಟ ಸಾಮಾನುಗಳನ್ನು ಮಾರಲು ಎಂ.ಎಸ್.ಟಿ.ಸಿ.ಯಂಥ ಕಂಪನಿಯ ಇ-ಹರಾಜನ್ನು ಬಳಸುತ್ತವೆ. ರೈಲ್ವೆಗೆ ತನ್ನದೇ ಆದ ಇ-ಹರಾಜಿನ ವ್ಯವಸ್ಥೆಯಿದೆ. ಮುಂಗಡ ಠೇವಣಿ ಕಟ್ಟಿ, ಹೆಸರು ನೋಂದಾಯಿಸಿ ಭಾಗವಹಿಸಬೇಕು. ವಸ್ತುಗಳು ಬಿಡಿಬಿಡಿಯಾಗಿ ಸಿಗುವುದಿಲ್ಲ, ಲಾಟ್, ಅಂದರೆ ಇಡೀ ರಾಶಿಯ ಲೆಕ್ಕದಲ್ಲಿ ಹೋಗುತ್ತವೆ. ‘ಇದ್ದ ಸ್ಥಿತಿಯಲ್ಲಿ, ಇದ್ದ ಜಾಗದಲ್ಲಿ’ ಎಂಬ ಷರತ್ತಿನ ಅರ್ಥ, ಒಳಗೆ ಏನೇ ದೋಷವಿದ್ದರೂ ಅದು ಕೊಂಡವರ ಪಾಲಿನದು ಎಂದೇ.

ಲೆಕ್ಕ ಹಾಕದೆ ಕೂಗುವುದು ಎಷ್ಟು ಅಪಾಯಕಾರಿಯೆಂಬುದಕ್ಕೆ ಒಂದು ಕಲ್ಪಿತ ಲಾಟನ್ನು ತೆಗೆದುಕೊಳ್ಳೋಣ. ಬಿಡ್ 30,000 ರೂಪಾಯಿಗೆ ನಿಂತಿತು. ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 5,400 ರೂಪಾಯಿ. ಹಮಾಲಿ ಮತ್ತು ತೋರಣಗಲ್ಲಿನಿಂದ ಕೊಪ್ಪಳಕ್ಕೆ ಗಾಡಿಬಾಡಿಗೆ 4,000 ಎಂದಿಟ್ಟುಕೊಂಡರೆ ಒಟ್ಟು 39,400 ಆಯಿತು. ಲಾಟಿನಲ್ಲಿ 550 ಕಿಲೋ ಬರೀ ಗುಜರಿ ಇದ್ದು, ಕಿಲೋಗೆ 30 ರೂಪಾಯಿಯಂತೆ ಮಾರಿದರೆ 16,500 ಮರಳಿ ಬರುತ್ತದೆ. ಉಳಿದ 22,900 ರೂಪಾಯಿಯನ್ನು ಒಳ್ಳೆಯ ಸಲಕರಣೆಗಳು ಹೊರಬೇಕು. ಅವು 12 ಇದ್ದರೆ ಒಂದೊಂದಕ್ಕೆ ಸುಮಾರು 1,900 ರೂಪಾಯಿ ಬಿತ್ತು. ನೀವು 12 ಎಂದು ನಂಬಿದ್ದು ನಿಜವಾಗಿ 6 ಇದ್ದರೆ 3,800ಕ್ಕೂ ಮೇಲೆ ಹೋಯಿತು. ಆದ್ದರಿಂದ ಪರಿಶೀಲನೆಗೆ ಕೊಟ್ಟ ದಿನ ಸ್ವತಃ ಹೋಗಿ ರಾಶಿಯನ್ನು ನೋಡಲಾಗದಿದ್ದರೆ, ಚಿತ್ರಗಳು ಎಷ್ಟೇ ಚೆಂದವಿರಲಿ, ಆ ಲಾಟಿಗೆ ಕೂಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಗಿ ನೋಡಿದ ಮೇಲೆ ಗರಿಷ್ಠ ಬೆಲೆಯನ್ನು ಕಾಗದದ ಮೇಲೆ ಬರೆದಿಟ್ಟು, ಎದುರಾಳಿ ನೂರು ರೂಪಾಯಿ ಮೇಲೆ ಹೋದರೂ ಕೈಬಿಡಬೇಕು.

ಹಾಗಾದರೆ ಹರಾಜು ಯಾವುದಕ್ಕೆ ಯೋಗ್ಯ? ಭಾರದ ವಸ್ತುಗಳಿಗೆ ಮತ್ತು ಅಳತೆಯ ಉಪಕರಣಗಳಿಗೆ. ವಸ್ತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಮೇಜಿನ ವೈಸ್, ಅಡಿಗಲ್ಲು, ಮೂರ್ ಅಂಡ್ ರೈಟ್ ಅಥವಾ ಸ್ಟಾರೆಟ್ ಮುದ್ರೆಯ ಮೈಕ್ರೋಮೀಟರ್‌ಗಳು ಸಂತೆಗೆ ಬರುವುದು ಅಪರೂಪ, ವರ್ಕ್‌ಶಾಪ್ ಮುಚ್ಚಿದಾಗ ಒಮ್ಮೆಲೇ ಬರುತ್ತವೆ. ಕಮ್ಮಾರರ ಅಡಿಗಲ್ಲಿನ ವಿಷಯದಲ್ಲಿ ಎರಡು ಪರೀಕ್ಷೆ ಸಾಕು. ಮೊದಲನೆಯದಾಗಿ, ಬೇರಿಂಗಿನ ಉಕ್ಕಿನ ಗುಂಡೊಂದನ್ನು ಹತ್ತು ಇಂಚು ಎತ್ತರದಿಂದ ಮುಖದ ಮೇಲೆ ಬಿಟ್ಟರೆ ಅದು ಏಳೆಂಟು ಇಂಚು ಪುಟಿಯಬೇಕು; ಸಪ್ಪಳವಿಲ್ಲದೆ ಸತ್ತಂತೆ ಬಿದ್ದರೆ ಅದು ಉಕ್ಕಿನ ಮುಖವಿಲ್ಲದ ಬರೀ ಎರಕ, ಅಥವಾ ಬೆಂಕಿಗೆ ಸಿಕ್ಕು ಹದ ಕಳೆದುಕೊಂಡದ್ದು. ಎರಡನೆಯದಾಗಿ, ಪೀಟರ್ ರೈಟ್‌ನಂಥ ಹಳೆಯ ಇಂಗ್ಲಿಷ್ ಅಡಿಗಲ್ಲುಗಳ ಪಕ್ಕದಲ್ಲಿ ಬಿಡಿಯಾಗಿ ಕೆತ್ತಿದ ಮೂರು ಅಂಕಿಗಳನ್ನು ಓದಬೇಕು. ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೇಟ್, ಎರಡನೆಯದು 28 ಪೌಂಡಿನ ಕಾಲುಭಾಗ, ಮೂರನೆಯದು ಬಿಡಿ ಪೌಂಡು. 1, 2, 10 ಎಂದಿದ್ದರೆ 112, 56 ಮತ್ತು 10 ಸೇರಿ 178 ಪೌಂಡು, ಅಂದರೆ ಸುಮಾರು 81 ಕಿಲೋ. ಇದನ್ನು 1,210 ಪೌಂಡು ಎಂದೋ ತಯಾರಿಕೆಯ ಸಂಖ್ಯೆ ಎಂದೋ ತಿಳಿದು ಮಾರುವವರನ್ನೂ ಕೊಳ್ಳುವವರನ್ನೂ ಕಂಡಿದ್ದೇನೆ.

ಮುದ್ರೆಗಳನ್ನು ಓದುವುದು

ಎಲ್ಲಿ ಕೊಂಡರೂ ಈ ಅರಿವು ಬೇಕು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಕೀಸುಳಿಗಳ ಮೇಲೆ ಪೇಟೆಂಟ್ ದಿನಾಂಕಗಳಿದ್ದರೆ ಅವು ತಯಾರಾದ ವರ್ಷವನ್ನು ಹೇಳುವುದಿಲ್ಲ; 1910ರ ಏಪ್ರಿಲ್ ದಿನಾಂಕವುಳ್ಳ ಒಡಲು 1910ಕ್ಕಿಂತ ಹಿಂದಿನದಾಗಲಾರದು ಎಂದಷ್ಟೇ ಹೇಳುತ್ತವೆ. ಅಲಗಿನ ಮೇಲೆ ಹೃದಯದ ಆಕಾರದ ಚಿಹ್ನೆಯಿದ್ದರೆ ಅಲಗು ಸುಮಾರು 1920ರಿಂದ 1935ರ ನಡುವಿನದು. ಲಿವರ್ ಕ್ಯಾಪಿನ ತೂತು ಕೀಲಿಕಂಡಿಯಂತೆ ನೇರವಾಗಿದ್ದರೆ ಹಳೆಯದು, ಗೋಡಂಬಿಯಂತೆ ಬಾಗಿದ್ದರೆ 1930ರ ದಶಕದಿಂದ ಈಚಿನದು. ಒಡಲು ಒಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು ಆಗಿರುವುದು ಸಾಮಾನ್ಯ. ಬಡಿಗೇರರಿಗೆ ಅದು ಮುಖ್ಯವಲ್ಲ, ಸಂಗ್ರಾಹಕರಿಗೆ ಅದನ್ನು ತೆರೆದು ಹೇಳಬೇಕು. ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ಕಂಪನಿ ಕೀಸುಳಿ ತಯಾರಿಸಲು ತೊಡಗಿದ್ದು 1931ರಲ್ಲಿ. ಸಂಖ್ಯೆಯ ಮುಂದೆ ಸೊನ್ನೆ ಹಾಕಿ 04, 05 ಎಂದು ಬರೆಯುವುದು ಅವರ ರೂಢಿ. ಆದ್ದರಿಂದ ‘ನೂರೈವತ್ತು ವರ್ಷದ ರೆಕಾರ್ಡ್’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಗರಗಸದ ಹಿಡಿಯ ಹಿತ್ತಾಳೆ ಬಿಲ್ಲೆಯ ಮೇಲೆ ‘ವಾರಂಟೆಡ್ ಸುಪೀರಿಯರ್’ ಎಂದಿದ್ದರೆ ಅದು ಕಂಪನಿಯ ಹೆಸರಲ್ಲ, ಹಲವು ತಯಾರಕರು ಬಳಸಿದ ಸಾಮಾನ್ಯ ಬಿಲ್ಲೆ.

‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆಯನ್ನು ಎರಕದ ಕಬ್ಬಿಣವೆಂದು ತಪ್ಪು ತಿಳಿದು ಒಳ್ಳೆಯ ಉಳಿಗಳನ್ನು ಗುಜರಿಗೆ ಹಾಕಿದವರಿದ್ದಾರೆ. ಅದು 18ನೇ ಶತಮಾನದಲ್ಲಿ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ ಮೂಸೆಯ ಉಕ್ಕು. ಉಳಿ ಮಾಡಲು ಅದಕ್ಕಿಂತ ಒಳ್ಳೆಯದು ಆ ಕಾಲದ ಇಂಗ್ಲೆಂಡಿನಲ್ಲಿ ಇರಲಿಲ್ಲ. ಮೂಸೆಯಲ್ಲಿ ಉಕ್ಕು ಕರಗಿಸುವ ವಿದ್ಯೆ ದಖನ್ನಿನಲ್ಲಿ ಅದಕ್ಕೂ ಬಹಳ ಹಿಂದೆಯೇ ಇತ್ತು, ಮತ್ತು ಯುರೋಪಿನವರು ಅದಕ್ಕಿಟ್ಟ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದ ಬಂದದ್ದೆಂಬುದು ವಿದ್ವಾಂಸರಲ್ಲಿ ಹೆಚ್ಚಾಗಿ ಒಪ್ಪಿತವಾದ ಮಾತು. ಇದು ನಮಗೆ ಹೆಮ್ಮೆಯ ಸಂಗತಿಯೇ ಆದರೂ, ಕಪ್ಪಾಗಿ ಸವೆದ ಪ್ರತಿಯೊಂದು ಕತ್ತಿಯನ್ನೂ ವೂಟ್ಜ್ ಎಂದು ಮಾರುವುದು ಆ ವಿದ್ಯೆಗೆ ಮಾಡುವ ಅವಮಾನ. ಹೊಳೆಯುವ ಹಿತ್ತಾಳೆಯ ದಿಕ್ಸೂಚಿ, ದುರ್ಬೀನುಗಳ ಬಗ್ಗೆಯೂ ಎಚ್ಚರವಿರಲಿ; ಲಂಡನ್ ಹೆಸರು, ಹಳೆಯ ಇಸವಿ ಕೆತ್ತಿದ ಅವುಗಳಲ್ಲಿ ಹೆಚ್ಚಿನವು ಉತ್ತರ ಭಾರತದಲ್ಲಿ ಈಗ ತಯಾರಾಗುವ ಪ್ರತಿಕೃತಿಗಳು.

ಕಾನೂನು

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ಹಿಂದಿನ ಕಾಲದ ಕಸುಬು–ಕಲೆಗಳನ್ನು ತೋರಿಸುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಪುರಾವಸ್ತುಗಳಾಗಬಹುದು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮೇಲೆ ಹೇಳಿದ ಕಾಲನಿರ್ಣಯ ಬರೀ ಬೆಲೆಗಾಗಿ ಅಲ್ಲ, ಇದಕ್ಕಾಗಿಯೂ ಬೇಕು. 1950ರ ವೈಸನ್ನು ಮಾರುವುದಕ್ಕೂ 19ನೇ ಶತಮಾನದ ಕೆತ್ತನೆಯ ಬಾಚಿಯನ್ನು ಮಾರುವುದಕ್ಕೂ ವ್ಯತ್ಯಾಸವಿದೆ. ದಂತದ ಅಳತೆಪಟ್ಟಿ, ದಂತದ ಅಥವಾ ಜಿಂಕೆಕೊಂಬಿನ ಹಿಡಿಯ ಸಲಕರಣೆಗಳನ್ನು ವನ್ಯಜೀವಿ ಕಾಯಿದೆಯ ಕಾರಣ ಮುಟ್ಟಲೇಬಾರದು.

ಇನ್ನೊಂದು ಮಾತನ್ನು ಬಳ್ಳಾರಿ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕು. ಸಂಗನಕಲ್ಲು, ತೆಕ್ಕಲಕೋಟೆಗಳ ಸುತ್ತ ಹೊಲ ಉಳುವಾಗ ನಯವಾಗಿ ಉಜ್ಜಿದ ಕಲ್ಲಿನ ಕೊಡಲಿಗಳು ಸಿಗುತ್ತವೆ. ಸಂಗನಕಲ್ಲು ನವಶಿಲಾಯುಗದಲ್ಲಿ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ನೆಲೆ. ಅವು ಸಾವಿರಾರು ವರ್ಷ ಹಳೆಯ ಕೈಸಲಕರಣೆಗಳು, ಮತ್ತು ಆ ಕಾರಣಕ್ಕಾಗಿಯೇ ವ್ಯಾಪಾರದ ವಸ್ತುಗಳಲ್ಲ. ಯಾರಾದರೂ ತಂದು ತೋರಿಸಿದರೆ ಸಿಕ್ಕ ಜಾಗವನ್ನು ಬರೆದುಕೊಂಡು ಪುರಾತತ್ವ ಇಲಾಖೆಗೆ ಒಪ್ಪಿಸಲು ಹೇಳಿ. ಅಂಥ ವಸ್ತುಗಳನ್ನು ನೋಡಬೇಕೆನ್ನುವವರಿಗೆ ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ.

ಮರುಮಾರಾಟ

ಬಡಿಗೇರರಿಗೆ ಮಾರುವ ವಸ್ತುವನ್ನು ಪೂರ್ತಿ ಶುಚಿಮಾಡಿ, ಮಸೆದು, ಅವರ ಕೈಯಲ್ಲೇ ಕೊಟ್ಟು ಮರದ ಮೇಲೆ ಓಡಿಸಿ ತೋರಿಸಬೇಕು. ಕಿನ್ನಾಳದ ಗೊಂಬೆಗಾರರಂತೆ ಹಗುರ ಮರವನ್ನು ಕೆತ್ತುವವರಿಗೆ ತೆಳ್ಳಗೆ ಮಸೆದ ಅಲಗು ಬೇಕು. ಜಾಲಿಮರದಲ್ಲಿ ಗಾಡಿ ಮಾಡುವವರಿಗೆ ಅದೇ ಅಲಗು ಮುರಿದುಹೋಗುತ್ತದೆ. ಸಂಗ್ರಾಹಕರಿಗೆ ಮಾರುವುದನ್ನು ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಬಾರದು. ತಂತಿಬ್ರಷ್ಷಿನ ಯಂತ್ರ ಒಂದು ನಿಮಿಷದಲ್ಲಿ ಮುದ್ರೆಯನ್ನೂ ಬೆಲೆಯನ್ನೂ ತಿಂದುಹಾಕುತ್ತದೆ. ಹಿಡಿಗಳಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು, ನಮ್ಮ ಬೇಸಿಗೆಯಲ್ಲಂತೂ ಹೆಚ್ಚು, ಬಿಡಿಸಿ ಒಣಹಾಕಬೇಕು.

ಮಾರುವ ಜಾಗಗಳಲ್ಲಿ ಹೈದರಾಬಾದಿನ ಜುಮ್ಮೇರಾತ್ ಬಜಾರ್ ರಾಯಚೂರಿನವರಿಗೆ ಹತ್ತಿರ, ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಬಜಾರು ಬಳ್ಳಾರಿಯವರಿಗೆ ಅನುಕೂಲ. ಎರಡೂ ಕಡೆ ಸಗಟು ಕೊಳ್ಳುವವರೇ ಹೆಚ್ಚಾದ್ದರಿಂದ ದುಡ್ಡು ಬೇಗ ಕೈಸೇರುತ್ತದೆ, ಬೆಲೆ ಕಡಿಮೆ. ಅಂತರ್ಜಾಲದಲ್ಲಿ ಬಿಡಿಯಾಗಿ ಮಾರಿದರೆ ಬೆಲೆ ಹೆಚ್ಚು, ಆದರೆ ತಿಂಗಳುಗಟ್ಟಲೆ ಕಾಯಬೇಕು. ನಾನು ಕೆಲಸಕ್ಕೆ ಬರುವ ವಸ್ತುವನ್ನು ಮೊದಲು ಹತ್ತಿರದ ಬಡಿಗೇರರಿಗೆ ತೋರಿಸಿ, ಅವರು ಬೇಡವೆಂದ ಮೇಲೆ ಮಾತ್ರ ದೂರಕ್ಕೆ ಕಳುಹಿಸುತ್ತೇನೆ.

ದೂರಕ್ಕೆ ಕಳುಹಿಸುವ ಕೀಸುಳಿಯ ಅಲಗು ಮತ್ತು ಲಿವರ್ ಕ್ಯಾಪನ್ನು ಬಿಚ್ಚಿ ಬೇರೆ ಸುತ್ತಬೇಕು. ಒಡಲಿನ ಒಳಗೆ ಬಟ್ಟೆ ತುರುಕಿ, ತಳಕ್ಕೆ ಗಟ್ಟಿ ಹಲಗೆ ಕಟ್ಟಿ, ಎಲ್ಲ ಕಡೆ ನಾಲ್ಕು ಬೆರಳಿನಷ್ಟು ಜಾಗ ಉಳಿಯುವ ಪೆಟ್ಟಿಗೆಯಲ್ಲಿ ಒತ್ತಾಗಿ ಕೂಡಿಸಬೇಕು. ದಾರಿಯಲ್ಲಿ ಪೆಟ್ಟಿಗೆ ಬಿದ್ದರೆ ಅದು ಬಿರಿಯುವುದು, ನಾನು ಕೊಂಡ ಮೊದಲ ಕೀಸುಳಿಯಲ್ಲಿ ಬಿರುಕಿದ್ದ ಆ ಬಾಯಿಯ ಮೂಲೆಯಲ್ಲೇ.